ಸೋಲಾರ್ ನೀರು ಸುಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಎರಡಂತಸ್ತಿನ ಮನೆ, ತಾರಸಿ ಮೇಲೆ 200 ಲೀಟರಿನ ಸೋಲಾರ್ ಇದೆ. ಮಾರ್ಚ್ ಬಂತೆಂದರೆ ನಲ್ಲಿಯಲ್ಲಿ ಡಿಕಾಕ್ಷನ್ ಹಾಕುವಷ್ಟು ಬಿಸಿ ನೀರು! ಹೋದ ವಾರ ನಾಲ್ಕು ವರ್ಷದ ಮೊಮ್ಮಗ ಕೈ ತೊಳೆಯಲು ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿಬಿಟ್ಟ. ಅಂಗೈ ಕೆಂಪಾಯಿತು, ಪುಣ್ಯಕ್ಕೆ ಗುಳ್ಳೆ ಏಳಲಿಲ್ಲ. ಇಂಗ್ಲೆಂಡಿನಲ್ಲಿರುವ ಮಗಳು 'ಮಿಕ್ಸಿಂಗ್ ವಾಲ್ವ್ ಹಾಕಿಸಪ್ಪ' ಅನ್ನುತ್ತಾಳೆ. ಪ್ಲಂಬರ್ 'ಮಿಕ್ಸರ್ ಇದೆಯಲ್ಲ ಸಾರ್, ಇನ್ನೊಂದು ಯಾಕೆ' ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರು, ಮೈಸೂರು

ಮಗಳ ಮಾತು ಕೇಳಿ ಸಾರ್. ಪ್ಲಂಬರ್ ಹೇಳುತ್ತಿರುವುದು ಮಾಮೂಲಿ ವಾಲ್ ಮಿಕ್ಸರ್. ಅದರಲ್ಲಿ ಹದ ಮಾಡುವುದು ನಿಮ್ಮ ಕೈ, ಮಿಕ್ಸರ್ ಅಲ್ಲ. ನಮ್ಮ ಮನೆಯಲ್ಲೇ ಒಮ್ಮೆ ನೀರು ಹದ ಮಾಡಿಕೊಂಡು, ತಲೆ ತುಂಬಾ ಶಾಂಪೂ ಹಚ್ಚಿಕೊಂಡು, ಕಣ್ಣು ಮುಚ್ಚಿ ಶವರ್ ಕೆಳಗೆ ನಿಂತಿದ್ದೆ. ಪಕ್ಕದ ಬಚ್ಚಲಲ್ಲಿ ಯಾರೋ ಫ್ಲಶ್ ಒತ್ತಿದರು. ತಣ್ಣೀರೆಲ್ಲ ಆ ಕಡೆ ಹೋಯಿತು, ನನ್ನ ಬೆನ್ನ ಮೇಲೆ ಬರೀ ಸೋಲಾರ್ ನೀರು. ನಾನು ಗೋಡೆಗೆ ಅಂಟಿಕೊಂಡು ಪಾರಾದೆ. ಎಪ್ಪತ್ತು ದಾಟಿದವರಿಗೆ ಹಾಗೆ ಹಾರಲು ಆಗುತ್ತದಾ?

ನಿಮ್ಮ ಮಗಳು ಹೇಳುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಈ ಹದ ಮಾಡುವ ಕೆಲಸವನ್ನು ತಾನೇ ಮಾಡುತ್ತದೆ. ಒಳಗೆ ಮೇಣ ತುಂಬಿದ ಒಂದು ಪುಟ್ಟ ಲೋಹದ ಡಬ್ಬಿ ಇರುತ್ತದೆ, ಬೆರೆತ ನೀರು ಅದರ ಮೈ ಸವರಿಕೊಂಡೇ ಹೊರಗೆ ಹೋಗಬೇಕು. ನೀರು ಬಿಸಿಯಾದರೆ ಮೇಣ ಹಿಗ್ಗಿ ಬಿಸಿನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ತಣ್ಣಗಾದರೆ ಕುಗ್ಗಿ ದಾರಿ ಬಿಡುತ್ತದೆ. ಕರೆಂಟ್ ಬೇಡ, ಸೆಲ್ ಬೇಡ. ತಣ್ಣೀರು ಪೂರ್ತಿ ನಿಂತರೆ ಬಿಸಿನೀರನ್ನೂ ಮುಚ್ಚಿಬಿಡುತ್ತದೆ. ಅದಕ್ಕೇ ನಾನು ಇಷ್ಟು ಒತ್ತಾಯ ಮಾಡುತ್ತಿರುವುದು.

ಎಷ್ಟು ಬಿಸಿ ಎಷ್ಟು ಹೊತ್ತಿಗೆ ಸುಡುತ್ತದೆ ಅಂತ ಗೊತ್ತಿರಲಿ. 50 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಕೆಟ್ಟದಾಗಿ ಸುಡಲು ಸುಮಾರು ಐದು ನಿಮಿಷ ಬೇಕು. 60 ಡಿಗ್ರಿಗೆ ಐದು ಸೆಕೆಂಡ್ ಸಾಕು. 70ಕ್ಕೆ ಒಂದು ಸೆಕೆಂಡ್. ಮಕ್ಕಳ ಚರ್ಮ ತೆಳು, ಇನ್ನೂ ಬೇಗ. ಬಿರುಬೇಸಿಗೆಯಲ್ಲಿ ಸೋಲಾರ್ ಟ್ಯಾಂಕ್ 80 ಮುಟ್ಟುವುದು ದೊಡ್ಡ ಮಾತಲ್ಲ, ಗೀಸರಿನ ಹಾಗೆ ಸಾಕು ಅಂತ ನಿಲ್ಲಿಸಲು ಅದರಲ್ಲಿ ಥರ್ಮೋಸ್ಟಾಟ್ ಇಲ್ಲ. ನಿಮ್ಮ ಮಗಳಿರುವ ಇಂಗ್ಲೆಂಡಿನಲ್ಲಿ 2010ರಿಂದ ಹೊಸ ಮನೆಗಳ ಸ್ನಾನದ ತೊಟ್ಟಿಗೆ ಬರುವ ನೀರು 48 ಡಿಗ್ರಿ ದಾಟುವಂತಿಲ್ಲ, ಆ ಅಭ್ಯಾಸ ಅವಳ ಬಾಯಲ್ಲಿ ಬಂದಿದೆ ಅಷ್ಟೇ.

ವಾಲ್ವನ್ನು ಬಚ್ಚಲ ಹತ್ತಿರವೇ ಕೂರಿಸಿ. ಅಡುಗೆಮನೆಗೆ ಬೇರೆ ಪೈಪ್ ಹೋಗಲಿ, ಜಿಡ್ಡಿನ ಪಾತ್ರೆಗೆ ಬಿಸಿ ಬೇಕಲ್ವಾ. ಆದರೆ ಆ ನಲ್ಲಿ ಮೊಮ್ಮಗನಿಗೆ ಎಟುಕಬಾರದು. ಬಿಸಿ, ತಣ್ಣೀರು ಎರಡೂ ಪೈಪಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿಸಿ, ಇಲ್ಲದಿದ್ದರೆ ಒಂದು ಕಡೆಯ ನೀರು ಇನ್ನೊಂದು ಕಡೆ ನುಗ್ಗುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಗೆ 38ರಿಂದ 40 ಡಿಗ್ರಿ ಸಾಕು. ಅಳೆಯಲು ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಬಳಸಿ. ಜ್ವರದ್ದು ಬೇಡ, 42 ದಾಟಿದರೆ ಅದರ ಕತೆ ಮುಗಿಯಿತು.

ಪ್ಲಂಬರ್ ದುಡ್ಡು ಕೇಳುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಹದವಾದ ನೀರು ಬಕೆಟ್ಟಿಗೆ ಬೀಳುತ್ತಿರುವಾಗ ತಣ್ಣೀರಿನ ಗೇಟ್ ವಾಲ್ವ್ ಮುಚ್ಚಿಸಿ. ನಾಲ್ಕೈದು ಸೆಕೆಂಡಿನಲ್ಲಿ ನಲ್ಲಿ ಹನಿಯುವಷ್ಟಕ್ಕೆ ಬರಬೇಕು. ಸುಡು ನೀರು ಬರುತ್ತಲೇ ಇದ್ದರೆ ಬಿಚ್ಚಿ ಮತ್ತೆ ಜೋಡಿಸಲಿ. ಎಷ್ಟೋ ಸಲ ಎರಡು ಪೈಪನ್ನು ಅದಲುಬದಲು ಮಾಡಿರುತ್ತಾರೆ. ವರ್ಷಕ್ಕೊಮ್ಮೆ ಇದೇ ಪರೀಕ್ಷೆ ನೀವೇ ಮಾಡಿ.

ಪ್ರಶ್ನೆ: ವಾಲ್ವ್ ಗೀಲ್ವ್ ಯಾಕೆ, ಗೀಸರನ್ನೇ 45 ಡಿಗ್ರಿಗೆ ಇಟ್ಟರೆ ಆಗುವುದಿಲ್ಲವೇ? ಬಾಡಿಗೆ ಮನೆ ಬೇರೆ.
— ಗೃಹಿಣಿ, ಬೆಂಗಳೂರು

ಸುಡುವುದೇನೋ ತಪ್ಪುತ್ತದೆ. ಆದರೆ ಉಗುರುಬೆಚ್ಚಗಿನ ನೀರು ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ ಲೆಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಗೆ ಹಬ್ಬ. 20ರಿಂದ 45 ಡಿಗ್ರಿ ಅದಕ್ಕೆ ಬಲು ಇಷ್ಟ, 60ರಲ್ಲಿ ಸಾಯುತ್ತದೆ. ಶವರಿನ ತುಂತುರು ಮೂಗಿನೊಳಗೆ ಹೋದರೆ ನ್ಯುಮೋನಿಯಾ ಬರಬಹುದು. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಭೆಗೆ ಸೇರಿದ್ದವರಿಗೆ ಅಂಟಿದಾಗಲೇ ಈ ಕಾಯಿಲೆ ಬೆಳಕಿಗೆ ಬಂದದ್ದು. ಹಾಗಾಗಿ ಟ್ಯಾಂಕ್ ಬಿಸಿ ಇರಲಿ, ನಲ್ಲಿ ಹದವಾಗಿರಲಿ. ಬಾಡಿಗೆ ಮನೆಯಾದರೆ ಗೋಡೆಯ ಹೊರಗೇ ಕೂರುವ ಥರ್ಮೋಸ್ಟಾಟಿಕ್ ಶವರ್ ಮಿಕ್ಸರ್ ತೆಗೆದುಕೊಳ್ಳಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಈಗಿನ ಎರಡು ಪೈಪಿನ ನಡುವಿನ ಅಳತೆ ನೋಡಿಕೊಂಡು ಅಂಗಡಿಗೆ ಹೋಗಿ. ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ಡೈವರ್ಟರ್ ಗೋಡೆಯೊಳಗೇ ಇದ್ದರೆ ಮಾತ್ರ ಕಷ್ಟ, ಟೈಲ್ಸ್ ಒಡೆಯಬೇಕು, ಓನರ್ ಒಪ್ಪಬೇಕಲ್ಲ! ನಿಮ್ಮದು 3 ಲೀಟರಿನ ಇನ್‌ಸ್ಟಂಟ್ ಗೀಸರ್ ಆದರೆ ಈ ವಾಲ್ವಿಗೆ ದುಡ್ಡು ಹಾಕಬೇಡಿ, ಅದು ಸರಿಯಾಗಿ ಕೆಲಸ ಮಾಡುವಷ್ಟು ಬಿಸಿನೀರು ಒಂದೇ ಸಮ ಬರುವುದಿಲ್ಲ.

ಪ್ರಶ್ನೆ: ಹಾಕಿಸಿ ಒಂದು ವರ್ಷ ಆಯಿತು. ಈಗ ಶವರಿನಲ್ಲಿ ನೀರು ಅಳುತ್ತಿದೆ, ಬಿಸಿಯೂ ಸಾಲದು. ವಾಲ್ವ್ ಕೆಟ್ಟಿತೇ?
— ಓದುಗರು, ಕೋಲಾರ

ಬೋರ್‌ವೆಲ್ ನೀರು ಅಲ್ವಾ? ನಿಮ್ಮ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ವಾಲ್ವಿನೊಳಗೂ ಕಟ್ಟಿದೆ. ನೀರು ಬಂದ್ ಮಾಡಿ, ಒಳಬರುವ ಎರಡೂ ಕಡೆಯ ಜಾಲರಿ ತೆಗೆದು ವಿನೆಗರ್‌ನಲ್ಲಿ ನೆನೆಸಿ, ಹಳೇ ಬ್ರಷ್‌ನಿಂದ ಉಜ್ಜಿ. ಆರು ತಿಂಗಳಿಗೊಮ್ಮೆ ಇದು ಬೇಕು. ಆಮೇಲೂ ಅಳುತ್ತಿದ್ದರೆ ಪ್ರೆಷರ್ ನೋಡಿ. ಪ್ರೆಷರ್ ಅಳೆಯುವುದು ಬಾರ್ ಲೆಕ್ಕದಲ್ಲಿ. ಟ್ಯಾಂಕ್ 10 ಮೀಟರ್ ಮೇಲಿದ್ದರೆ 1 ಬಾರ್, ನಿಮ್ಮದು ಶವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಅಷ್ಟೇ. ಕೆಲವು ವಾಲ್ವುಗಳು 1 ಬಾರ್ ಕೇಳುತ್ತವೆ, ಡಬ್ಬಿ ಮೇಲೆ ಬರೆದಿರುತ್ತದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿದ್ದೀರಾ? ಹಾಗಿದ್ದರೆ ಅದೇ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತಿರಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಈಗಲೂ ಹಂಡೆ ಒಲೆ. ನಮಗೇನು ಹೇಳುತ್ತೀರಿ?
— ಓದುಗರು, ತೀರ್ಥಹಳ್ಳಿ

ಹಂಡೆ ನೀರಿನ ಸುಖ ಯಾವ ವಾಲ್ವಿಗೂ ಇಲ್ಲ ಬಿಡಿ! ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಹಂಡೆ ನೀರು 75 ಡಿಗ್ರಿ, ತಣ್ಣೀರು 25 ಡಿಗ್ರಿ ಇದ್ದರೆ 7 ಲೀಟರ್ ತಣ್ಣೀರಿಗೆ 3 ಲೀಟರ್ ಬಿಸಿ ಸಾಕು, 40ರ ಹದ ಬರುತ್ತದೆ. ಮಗುವನ್ನು ಕೂರಿಸುವ ಮುಂಚೆ ಮೊಣಕೈ ಅದ್ದಿ ನೋಡಿ. ಸಕ್ಕರೆ ಕಾಯಿಲೆಯವರು ಪಾದ ಅದ್ದಿ ನೋಡಬೇಡಿ, ಸ್ಪರ್ಶ ಕಡಿಮೆ ಇರುವ ಪಾದಕ್ಕೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ.

ಸುಟ್ಟೇಹೋದರೆ ಬಳೆ, ಉಂಗುರ ಬೇಗ ತೆಗೆದು 20 ನಿಮಿಷ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಪೇಸ್ಟ್, ಅರಿಸಿನ, ಐಸ್ ಏನೂ ಬೇಡ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಮುಖ, ಕೈ ಅಥವಾ ಗುಪ್ತಾಂಗ ಸುಟ್ಟಿದ್ದರೆ, ಇಲ್ಲವೇ ಗಾಯ ಅವರ ಅಂಗೈಗಿಂತ ದೊಡ್ಡದಿದ್ದರೆ, ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108.