ಒಂದೇ ಪಾತ್ರೆಯಲ್ಲಿ ಇಬ್ಬರ ಅಸ್ಥಿ

ಪ್ರಶ್ನೆ: ಮೆಡಲಿನ್ ಮಿಲ್ಲರ್ ಅವರ ‘ದಿ ಸಾಂಗ್ ಆಫ್ ಅಕಿಲೀಸ್’ (2011) ಕಾದಂಬರಿಯಲ್ಲಿ ಗ್ರೀಕ್ ವೀರ ಅಕಿಲೀಸ್ ಮತ್ತು ಅವನ ಗೆಳೆಯ ಪ್ಯಾಟ್ರೊಕ್ಲಸ್ ಪ್ರೇಮಿಗಳು. ಇದು ಪ್ರಾಚೀನ ಗ್ರೀಕ್ ಕವಿ ಹೋಮರನಲ್ಲೇ ಇದೆಯೋ, ಲೇಖಕಿ ಸೇರಿಸಿದ್ದೋ? ಟ್ರಾಯ್ ಯುದ್ಧದ ಅವನ ಮಹಾಕಾವ್ಯ ‘ಇಲಿಯಡ್’ ಪೂರ್ತಿ ಓದುವಷ್ಟು ಬಿಡುವಿಲ್ಲ, ಎಲ್ಲಿ ನೋಡಲಿ?

ಉತ್ತರ: ಹೋಮರ್ ಇವರಿಬ್ಬರನ್ನು ಪ್ರೇಮಿಗಳೆಂದು ಎಲ್ಲೂ ಕರೆದಿಲ್ಲ. 9ನೇ ಸರ್ಗದ ಕೊನೆಗೆ ಇಬ್ಬರೂ ಒಂದೇ ಬಿಡಾರದಲ್ಲಿ ಬೇರೆ ಬೇರೆ ಹೆಂಗಸರ ಜೊತೆ ಮಲಗುತ್ತಾರೆ. ಹಾಗೆಂದು ಇದನ್ನು ಈ ಕಾಲದ ಸೇರ್ಪಡೆ ಎಂದು ತಳ್ಳಿಹಾಕಬೇಡಿ. ಕ್ರಿ.ಪೂ. 5ನೇ ಶತಮಾನದಲ್ಲೇ ಗ್ರೀಕ್ ನಾಟಕಕಾರ ಈಸ್ಕಿಲಸ್ ಇವರಿಬ್ಬರನ್ನು ಪ್ರೇಮಿಗಳಾಗಿ ರಂಗಕ್ಕೆ ತಂದಿದ್ದ. ಆ ನಾಟಕದ ತುಣುಕುಗಳಷ್ಟೇ ಉಳಿದಿವೆ. ತತ್ವಜ್ಞಾನಿ ಪ್ಲೇಟೋ ಪ್ರೇಮದ ಬಗ್ಗೆ ಬರೆದ ಸಂವಾದ ‘ಸಿಂಪೋಸಿಯಂ’ನಲ್ಲಿ ಫೀಡ್ರಸ್ ಎಂಬ ಪಾತ್ರ, ಪ್ರೀತಿಸಿದವನು ಅಕಿಲೀಸ್ ಎಂಬ ಈಸ್ಕಿಲಸನ ಮಾತನ್ನು ತಿದ್ದುತ್ತಾನೆ. ಅಕಿಲೀಸನೇ ಕಿರಿಯ, ಹಾಗಾಗಿ ಪ್ರೀತಿ ಪಡೆದವನು ಅವನೇ ಎಂಬುದು ಅವನ ವಾದ. ಪ್ರೇಮದ ಬಗ್ಗೆ ಇಬ್ಬರಿಗೂ ತಕರಾರಿಲ್ಲ.

24 ಸರ್ಗಗಳಲ್ಲಿ 9, 16, 18, 23 ಓದಿ. 16ರಲ್ಲಿ ಪ್ಯಾಟ್ರೊಕ್ಲಸನಿಗೆ ತನ್ನ ಕವಚ ಕೊಟ್ಟು ಯುದ್ಧಕ್ಕೆ ಕಳಿಸುವಾಗ ಅಕಿಲೀಸ್, ಹಡಗುಗಳ ಬಳಿಯಿಂದ ವೈರಿಗಳನ್ನು ಅಟ್ಟಿ ವಾಪಸು ಬಾ, ಟ್ರಾಯ್ ಕಡೆ ಹೋಗಬೇಡ ಎನ್ನುತ್ತಾನೆ. ಪ್ಯಾಟ್ರೊಕ್ಲಸ್ ಹೋಗಿಬಿಡುತ್ತಾನೆ. ದೇವತೆ ಅಪೊಲೊ ಕವಚ ಕಳಚುತ್ತಾನೆ, ಟ್ರೋಜನ್ ಯೋಧ ಯೂಫೋರ್ಬಸ್ ಬೆನ್ನಿಗೆ ಇರಿಯುತ್ತಾನೆ, ಕೊನೆಯ ಈಟಿ ಟ್ರಾಯ್ ರಾಜಕುಮಾರ ಹೆಕ್ಟರನದು. ಈ ಸರ್ಗದಲ್ಲಿ ಕವಿ ಎಂಟು ಸಲ ಪ್ಯಾಟ್ರೊಕ್ಲಸನನ್ನು ನೇರವಾಗಿ ‘ನೀನು’ ಎಂದು ಮಾತಾಡಿಸುತ್ತಾನೆ. ಕಥಾಸಾರದಲ್ಲಿ ಇದು ಸಿಗುವುದಿಲ್ಲ, ಪೂರ್ಣ ಅನುವಾದವನ್ನೇ ಹಿಡಿಯಿರಿ.

23 ಅಂತೂ ಬಿಡಲೇಬೇಡಿ. ಸತ್ತ ಗೆಳೆಯ ಅಕಿಲೀಸನ ಕನಸಿನಲ್ಲಿ ಬಂದು, ನಮ್ಮಿಬ್ಬರ ಅಸ್ಥಿ ಒಂದೇ ಪಾತ್ರೆಯಲ್ಲಿರಲಿ ಎಂದು ಬೇಡುತ್ತಾನೆ. ತಬ್ಬಲು ಹೋದರೆ ಹೊಗೆಯಂತೆ ಜಾರುತ್ತಾನೆ. ಅಕಿಲೀಸ್ ಊರಿಗೆ ಮರಳಿದರೆ ಅವನ ಮುಡಿಯನ್ನು ಸ್ಪೆರ್ಕಿಯಸ್ ನದಿಗೆ ಒಪ್ಪಿಸುವುದಾಗಿ ಅಪ್ಪ ಹರಕೆ ಹೊತ್ತಿದ್ದ. ಆ ಮುಡಿಯನ್ನೇ ಅಕಿಲೀಸ್ ಕತ್ತರಿಸಿ ಗೆಳೆಯನ ಹೆಣದ ಕೈಯಲ್ಲಿಡುತ್ತಾನೆ. ಇನ್ನು ಮನೆಗೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತು. ನನಗೆ ಇಡೀ ಕಾವ್ಯದಲ್ಲಿ ಇದಕ್ಕಿಂತ ದೊಡ್ಡ ಪ್ರೇಮದ ಮಾತು ಕಾಣದು. ಗೆಳೆಯನ ಚಿತೆಯ ಮೇಲೆ ಅವನು 12 ಟ್ರೋಜನ್ ಯುವಕರನ್ನು ಕಡಿದು ಹಾಕುತ್ತಾನೆ ಎಂಬುದನ್ನೂ ಓದಿ, ದಾಟಿ ಹೋಗಬೇಡಿ.

ಪ್ರಶ್ನೆ: ಕಾದಂಬರಿಯಲ್ಲಿ ಪ್ಯಾಟ್ರೊಕ್ಲಸ್ ಸತ್ತ ಮೇಲೂ ಅವನೇ ಕಥೆ ಹೇಳುತ್ತಾನೆ. ಇದು ಸುಲಭದ ಉಪಾಯವಲ್ಲವೇ?

ಉತ್ತರ: ಅಲ್ಲ. ಸಂಸ್ಕಾರವಾಗದ ಆತ್ಮ ಸತ್ತವರ ಲೋಕದ ನದಿ ದಾಟಲಾರದೆಂದು 23ನೇ ಸರ್ಗದ ಆ ಕನಸಿನಲ್ಲಿ ಅವನೇ ಹೇಳುತ್ತಾನೆ. ಲೇಖಕಿ ಹಿಡಿದದ್ದು ಆ ಎಳೆಯನ್ನೇ. ಕಾದಂಬರಿಯಲ್ಲಿ ಇಬ್ಬರ ಬೂದಿ ಒಂದಾಗಿದ್ದರೂ ಗೋರಿಯ ಮೇಲೆ ಪ್ಯಾಟ್ರೊಕ್ಲಸನ ಹೆಸರಿಲ್ಲ, ಅಕಿಲೀಸನ ಮಗ ಕೆತ್ತಿಸಲು ಒಪ್ಪುವುದಿಲ್ಲ. ಹಾಗಾಗಿ ಆತ್ಮ ಅಲ್ಲೇ ಉಳಿಯುತ್ತದೆ. ಕೊನೆಗೆ ಹೆಸರು ಕೆತ್ತುವವಳು ಥೆಟಿಸ್, ಅವನನ್ನು ಉದ್ದಕ್ಕೂ ದ್ವೇಷಿಸಿದ ಅಕಿಲೀಸನ ತಾಯಿ.