ಮೂರು ದಿನ, ಎರಡು ನದಿ

ಪ್ರಶ್ನೆ: ಜನವರಿಯಲ್ಲಿ ಮೂರು ದಿನ ಉತ್ತರ ಕನ್ನಡದ ಕರಾವಳಿಗೆ ಹೋಗಬೇಕೆಂದಿದ್ದೇವೆ. ಜೊತೆಯಲ್ಲಿ ಮಂಡಿನೋವಿರುವ ತಾಯಿಯೂ ಶಾಲೆಗೆ ಹೋಗುವ ಇಬ್ಬರು ಮಕ್ಕಳೂ ಇರುತ್ತಾರೆ. ಕಾರವಾರದಿಂದ ಭಟ್ಕಳದವರೆಗೆ ಎಲ್ಲವನ್ನೂ ನೋಡಬಹುದೇ? ಕಡಲತೀರಗಳಲ್ಲದೆ, ಪ್ರಕೃತಿಯೂ ಇತಿಹಾಸವೂ ಕೂಡಿರುವ ಜಾಗಗಳನ್ನು ದಯವಿಟ್ಟು ತಿಳಿಸಿ.
– ದಾವಣಗೆರೆಯ ಓದುಗರೊಬ್ಬರು

ಉತ್ತರ: ಎಲ್ಲವನ್ನೂ ನೋಡಲು ಹೊರಟರೆ ನೀವು ಹೆಚ್ಚಾಗಿ ನೋಡುವುದು 66ನೇ ರಾಷ್ಟ್ರೀಯ ಹೆದ್ದಾರಿಯನ್ನೇ. ಕುಮಟಾದಲ್ಲಿ ತಂಗಿ, ಅಘನಾಶಿನಿ ಮತ್ತು ಶರಾವತಿಯ ದಡಗಳಿಗಷ್ಟೇ ನಿಮ್ಮ ದಿನಗಳನ್ನು ಮೀಸಲಿಡಿ. ಘಟ್ಟದ ಕಾಳುಮೆಣಸು ಇಳಿದು ಬಂದು ಹಡಗು ಸೇರುತ್ತಿದ್ದುದು ಈ ನದಿಗಳ ಅಳಿವೆಗಳಲ್ಲಿ. ಈ ಸೀಮೆಯ ಹಳೆಯ ಸಿರಿಗೂ ಕದನಗಳಿಗೂ ಅದೇ ಮೂಲ.

ಮೊದಲ ದಿನ ಬೆಳಿಗ್ಗೆ, ಬಿಸಿಲೇರುವ ಮುನ್ನ, ಮಿರ್ಜಾನ ಕೋಟೆಗೆ ಹೋಗಿ. ಹೆದ್ದಾರಿಗೆ ಹತ್ತಿರವೇ ಇರುವ ಈ ಚಿರೇಕಲ್ಲಿನ ಕೋಟೆ, ಹದಿನಾರನೆಯ ಶತಮಾನದ ಮಧ್ಯದಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಪೋರ್ಚುಗೀಸರು ಆಕೆಯನ್ನು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಮಕ್ಕಳಿಗೆ ಒಳಗಿನ ಬಾವಿಗಳನ್ನು ತೋರಿಸಿ, ಆದರೆ ಕೈ ಹಿಡಿದುಕೊಂಡೇ ತೋರಿಸಿ.

ಮಧ್ಯಾಹ್ನವನ್ನು ಅಘನಾಶಿನಿ ಅಳಿವೆಗೆ ಬಿಡಿ. ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ದೊರೆಯಿತು. ಭರತದ ಉಪ್ಪುನೀರು ಬರುವ ಇಲ್ಲಿನ ತಗ್ಗಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಇಳಿತದ ಹೊತ್ತನ್ನು ಊರವರಲ್ಲಿ ಕೇಳಿಕೊಂಡು ಹೋದರೆ, ಜನ ನೀರಿಗಿಳಿದು ಚಿಪ್ಪುಮೀನು ಆರಿಸುವುದನ್ನೂ ನೋಡಬಹುದು. ತಾಯಿಯವರು ದಡದಲ್ಲಿ ಕುಳಿತೇ ಇಷ್ಟನ್ನೂ ಕಾಣಬಹುದಾದ್ದರಿಂದ ನಾನು ಇದನ್ನು ಗೋಕರ್ಣದ ಕಡಲತೀರಗಳಿಗಿಂತ ಮುಂದಿಡುತ್ತೇನೆ.

ಎರಡನೆಯ ದಿನ ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿಲೋಮೀಟರ್ ಒಳಗೆ, ಗೇರುಸೊಪ್ಪೆಗೆ. ನದಿಯಾಚೆಯ ನಗರಬಸ್ತಿಕೇರಿಯ ಕಾಡಿನಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದಿರುವ ಚತುರ್ಮುಖ ಬಸದಿಯಿದೆ. ಕೆಳದಿಯ ವೆಂಕಟಪ್ಪ ನಾಯಕನಿಂದ ರಾಣಿಯ ಆಳ್ವಿಕೆ ಕೊನೆಗೊಂಡ ಮೇಲೆ, 1623ರಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಆಗಲೇ ಪಾಳುಬಿದ್ದು ಮರಗಿಡ ಬೆಳೆದಿದ್ದ ನಗರವನ್ನು ಕಂಡು ಬರೆದಿಟ್ಟಿದ್ದಾನೆ. ಬಸದಿಯ ಅಂಗಳದಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಿ. ಬುತ್ತಿಯನ್ನೂ ಕುಡಿಯುವ ನೀರನ್ನೂ ಹೊನ್ನಾವರದಿಂದಲೇ ಒಯ್ಯಿರಿ. ಮುರುಡೇಶ್ವರದ 123 ಅಡಿಯ ಶಿವನನ್ನು ನೋಡದೆ ಮಕ್ಕಳು ಬಿಡಲಾರರು, ಅದಕ್ಕೆ ಸಂಜೆ ಸಾಕು.

ಮೂರನೆಯ ದಿನ ಶಿರಸಿ ಮಾರ್ಗವಾಗಿ ಊರಿಗೆ ಮರಳುವಾಗ ಯಾಣ ನೋಡಿ. ಸುಣ್ಣಕಲ್ಲಿನ ಈ ಕಪ್ಪು ಬಂಡೆಗಳಲ್ಲಿ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರವಿದೆ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ಹುಟ್ಟಿದ ಕಾಲದ ಕಷ್ಟ ಈಗಿಲ್ಲ. ವಾಹನ ನಿಲ್ಲುವಲ್ಲಿಂದ ಕಾಡಿನ ದಾರಿಯಲ್ಲಿ ಸ್ವಲ್ಪ ದೂರ ನಡೆದರಾಯಿತು. ಆದರೂ ಬಂಡೆಯ ಬಳಿ ಮೆಟ್ಟಿಲುಗಳಿರುವುದರಿಂದ ತಾಯಿಯವರನ್ನು ಒತ್ತಾಯಿಸಬೇಡಿ. ಹೊರಡುವ ಮುನ್ನ ಘಟ್ಟದ ರಸ್ತೆ ತೆರೆದಿದೆಯೇ ಎಂದು ಕುಮಟಾದಲ್ಲಿ ವಿಚಾರಿಸಿಕೊಳ್ಳಿ.