ಪ್ರತ್ಯೇಕತಾವಾದ ಎಂದರೇನು? ಪ್ರತ್ಯೇಕ ರಾಜ್ಯ ಕೇಳುವುದೂ ಅದೇನಾ?

ಅಲ್ಲ, ಎರಡೂ ಬೇರೆ. ತೆಲಂಗಾಣದವರು ಕೇಳಿದ್ದು ಭಾರತದೊಳಗೇ ಇನ್ನೊಂದು ರಾಜ್ಯ, 2014ರಲ್ಲಿ ಸಿಕ್ಕಿತು. ಪ್ರತ್ಯೇಕತಾವಾದಿಗಳು ಕೇಳುವುದು ಬೇರೆ ದೇಶವನ್ನೇ. ನಮ್ಮ ಜನ, ನಮ್ಮ ನೆಲ, ನಮ್ಮದೇ ಸರ್ಕಾರ ಎಂಬ ನಂಬಿಕೆ ಅದು. ಅದಕ್ಕಾಗಿ ನಡೆಸುವ ರಾಜಕೀಯವೂ ಹೌದು.

ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನೇ ನೋಡಿ. ಅಲ್ಲಿ ಫ್ರೆಂಚ್ ಮಾತಾಡುವವರೇ ಜಾಸ್ತಿ. ಆದರೂ 1960ರ ಹೊತ್ತಿಗೆ ಮಾಂಟ್ರಿಯಲ್‌ನ ದೊಡ್ಡ ಕಂಪನಿಗಳಲ್ಲಿ ಇಂಗ್ಲಿಷಿನದೇ ಕಾರುಬಾರು. ಸ್ವಂತ ಊರಲ್ಲೇ ನಮ್ಮ ಭಾಷೆಗೆ ಬೆಲೆಯಿಲ್ಲ ಅಂದರೆ ಸಿಟ್ಟು ಬರುತ್ತದೆ, ಅಲ್ವಾ? ಕೆಲವರು ಬಾಂಬ್ ಹಿಡಿದರು. 1970ರಲ್ಲಿ ಒಬ್ಬ ಮಂತ್ರಿಯನ್ನು ಅಪಹರಿಸಿ ಕೊಂದರು. ಅದನ್ನು ಯಾವ ಸಿಟ್ಟೂ ಸಮರ್ಥಿಸಲಾರದು. ಹೆಚ್ಚಿನವರು ಮಾತ್ರ ಚುನಾವಣೆಯ ದಾರಿ ಹಿಡಿದರು. ಅವರ ‘ಪಾರ್ಟಿ ಕ್ವಿಬೆಕ್ವಾ’ ಎಂಬ ಪಕ್ಷ 1976ರಲ್ಲಿ ಪ್ರಾಂತ್ಯದ ಚುನಾವಣೆ ಗೆದ್ದು, ಮರುವರ್ಷವೇ ಫ್ರೆಂಚ್ ಪರವಾದ ಗಟ್ಟಿ ಕಾನೂನು ತಂದಿತು. ಸ್ವತಂತ್ರ ದೇಶಕ್ಕಾಗಿ 1980ರಲ್ಲಿ ಜನಮತ ಕೇಳಿ ಸೋತರು. 1995ರಲ್ಲಿ ಮತ್ತೆ ಕೇಳಿದಾಗ ಬೇಕು ಎಂದವರು ಶೇ. 49.4, ಬೇಡ ಎಂದವರು ಶೇ. 50.6!

1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ತುಂಬಾ ಸರಿ ಅನ್ನಿಸುತ್ತದೆ: ಕ್ವಿಬೆಕ್ ಏಕಪಕ್ಷೀಯವಾಗಿ ಹೊರಹೋಗುವಂತಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು.